ಹೋದ ಸಲ ಕೊಟ್ಟದ್ದನ್ನೇ ಕೊಡಿ

ಜೂನ್ ತಿಂಗಳಲ್ಲಿ ಮಳೆ ಸರಿಯಾಗಿ ಹಿಡಿಯಿತೆಂದರೆ ಬಿ.ಸಿ.ರೋಡಿನಿಂದ ಗುರುವಾಯನಕೆರೆಯವರೆಗೆ, ಈ ಕಡೆ ಮೂಡುಬಿದಿರೆಯವರೆಗೆ ಯಾವ ಮೆಡಿಕಲ್ ಶಾಪಿನ ಎದುರು ನಿಂತರೂ ಕೇಳಿಬರುವ ಮಾತು ಒಂದೇ: "ಕಾಕ, ಶೀತ, ಕೆಮ್ಮು. ಹೋದ ಸಲ ಕೊಟ್ಟದ್ದನ್ನೇ ಕೊಡಿ." ಬಂಟ್ವಾಳ ತಾಲೂಕಿನ ಒಂದು ಸಣ್ಣ ಪೇಟೆಯಲ್ಲಿ ಇಪ್ಪತ್ತಾರು ವರ್ಷ ಕೌಂಟರಿನ ಒಳಗೆ ನಿಂತು ನಾನು ಈ ಮಾತನ್ನು ಕೇಳಿದ್ದೇನೆ. ಕೇಳಿದ್ದು ಮಾತ್ರವಲ್ಲ, ಕೊಟ್ಟೂ ಇದ್ದೇನೆ. ಈಗ ಅಂಗಡಿ ಬಿಟ್ಟು ಮನೆಯಲ್ಲಿದ್ದೇನೆ. ಹಾಗಾಗಿ ಇಲ್ಲಿ ಬರೆಯುವುದು ಬೇರೆಯವರ ತಪ್ಪಲ್ಲ, ನನ್ನದೇ.

ಹೋದ ಸಲ ಕೊಟ್ಟದ್ದು ಏನು? ಮೂರು ಮಾತ್ರೆಯ ಒಂದು ಅಝಿತ್ರೊಮೈಸಿನ್ ಸ್ಟ್ರಿಪ್, ಜ್ವರಕ್ಕೆ ಪ್ಯಾರಸಿಟಮಾಲ್, ಮೂಗು ಸೋರುವುದಕ್ಕೆ ಸೆಟ್ರಿಜಿನ್. ಇವುಗಳ ಜೊತೆ ಹೆಸರು ಹೇಳದೆ ಕಾಗದದಲ್ಲಿ ಕಟ್ಟಿ ಕೊಡುವ ಒಂದು ಸಣ್ಣ ಬಿಳಿ ಮಾತ್ರೆ. ಅದು ಸ್ಟೀರಾಯ್ಡ್. ಮರುದಿನ ಬೆಳಿಗ್ಗೆ ಮೈಕೈ ನೋವು ಇಳಿದು, ಹಸಿವೆಯಾಗಿ, ಗಿರಾಕಿ ಎದ್ದು ಕೆಲಸಕ್ಕೆ ಹೋಗುವುದು ಆ ಬಿಳಿ ಮಾತ್ರೆಯ ದೆಸೆಯಿಂದ. ಹೆಸರು ಬರುವುದು ಮಾತ್ರ ಆ್ಯಂಟಿಬಯೋಟಿಕ್‌ಗೆ ಮತ್ತು ಅಂಗಡಿಯವನ "ಕೈಗುಣ"ಕ್ಕೆ. ಸ್ಟೀರಾಯ್ಡ್ ರೋಗವನ್ನು ಗುಣಪಡಿಸಿರುವುದಿಲ್ಲ, ರೋಗದೊಡನೆ ಹೋರಾಡುತ್ತಿದ್ದ ದೇಹವನ್ನು ಸುಮ್ಮನಾಗಿಸಿರುತ್ತದೆ ಅಷ್ಟೆ. ಸಕ್ಕರೆ ಕಾಯಿಲೆಯವರಲ್ಲಿ ಅದು ಸಕ್ಕರೆಯ ಪ್ರಮಾಣವನ್ನು ಒಂದೇ ಸಮನೆ ಏರಿಸುತ್ತದೆ.

ಶೀತವನ್ನು ಉಂಟುಮಾಡುವ ವೈರಸ್‌ಗಳು ಇನ್ನೂರಕ್ಕೂ ಹೆಚ್ಚಿವೆ. ಅವುಗಳಲ್ಲಿ ಒಂದರ ಮೇಲೂ ಆ್ಯಂಟಿಬಯೋಟಿಕ್ ಕೆಲಸ ಮಾಡುವುದಿಲ್ಲ. ಆ್ಯಂಟಿಬಯೋಟಿಕ್ ಇರುವುದು ಬ್ಯಾಕ್ಟೀರಿಯಾಕ್ಕೆ. ಮಾತ್ರೆ ತಿಂದರೂ ತಿನ್ನದಿದ್ದರೂ ಶೀತ ಒಂದು ವಾರ, ಹೆಚ್ಚೆಂದರೆ ಹತ್ತು ದಿನದಲ್ಲಿ ಬಿಡುತ್ತದೆ. ಕೆಮ್ಮು ಮಾತ್ರ ಇನ್ನೊಂದೆರಡು ವಾರ ಎಳೆಯಬಹುದು. ನಮಗೆ ಅಷ್ಟು ತಾಳ್ಮೆ ಇಲ್ಲ. ಐದನೇ ದಿನಕ್ಕೆ ಮಾತ್ರೆ ಬದಲಿಸುತ್ತೇವೆ, ಏಳನೇ ದಿನಕ್ಕೆ ಶೀತ ತಾನಾಗಿ ಹೋಗುತ್ತದೆ. ಎರಡನೇ ಮಾತ್ರೆಯೇ ಒಳ್ಳೆಯದಿತ್ತು ಎಂದು ನೆರೆಮನೆಯವರಿಗೂ ಶಿಫಾರಸು ಮಾಡುತ್ತೇವೆ.

ಚೀಟಿಯಿಲ್ಲದೆ ಆ್ಯಂಟಿಬಯೋಟಿಕ್ ಮಾರುವುದು ಕಾನೂನಿಗೆ ವಿರುದ್ಧ. ಸ್ಟ್ರಿಪ್ಪಿನ ಮೇಲೆ ಕೆಂಪು ಗೆರೆ ಇರುವುದು ಅದಕ್ಕೇ. ಸೆಫಿಕ್ಸಿಮ್‌ನಂತಹ ಮದ್ದುಗಳಿಗೆ 2014ರಿಂದ ಎಚ್1 ಎಂಬ ಬೇರೆಯೇ ಪಟ್ಟಿ ಇದೆ, ಮಾರಿದವನು ರೋಗಿಯ ಮತ್ತು ವೈದ್ಯರ ಹೆಸರನ್ನು ರಿಜಿಸ್ಟರಿನಲ್ಲಿ ಬರೆದಿಡಬೇಕು. ಪಕ್ಕದ ಕೇರಳದಲ್ಲಿ 2024ರಿಂದ "ಆಪರೇಷನ್ ಅಮೃತ್" ಹೆಸರಿನಲ್ಲಿ ಅಂಗಡಿಗಳ ತಪಾಸಣೆ ನಡೆಯುತ್ತಿದೆ. ಆದರೆ ಕಾನೂನು ಹೇಳಿ ಅಂಗಡಿಯವನನ್ನು ಬೈದರೆ ಮುಗಿಯಿತೇ? ಸರಕಾರಿ ಆಸ್ಪತ್ರೆಯ ಹೊರರೋಗಿ ವಿಭಾಗಕ್ಕೆ ಹಗಲು ಹೋಗಬೇಕು, ಅಂದರೆ ಅರ್ಧ ದಿನದ ಕೂಲಿ ಹೋಯಿತು. ಖಾಸಗಿ ವೈದ್ಯರಲ್ಲಿಗೆ ಹೋದರೆ ಫೀಸು, ಬಸ್ಸು, ಮದ್ದು. ನನ್ನ ಕೌಂಟರಿನಲ್ಲಿ ನೂರೋ ನೂರೈವತ್ತೋ ರೂಪಾಯಿಗೆ ಎಲ್ಲ ಮುಗಿಯುತ್ತಿತ್ತು. ನಾನು ಇಲ್ಲವೆಂದರೆ ಎದುರು ಸಾಲಿನ ಅಂಗಡಿಯವನು ಕೊಡುತ್ತಿದ್ದ. ಹಾಗೆಂದು ಬಹಳ ವರ್ಷ ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೆ.

ನಮ್ಮ ಪೇಟೆಯ ಹಿಂದಿನ ಗುಡ್ಡೆಯಲ್ಲಿ ಬೀಡಿ ಕಟ್ಟುತ್ತಿದ್ದ ಒಬ್ಬರು ಹಿರಿಯ ಉಮ್ಮ ಇದ್ದರು. ಸಕ್ಕರೆ ಕಾಯಿಲೆಯಿತ್ತು, ಮಾತ್ರೆ ನಮ್ಮಲ್ಲಿಂದಲೇ ಹೋಗುತ್ತಿತ್ತು. ಒಂದು ಆಷಾಢದಲ್ಲಿ ಮೊಮ್ಮಗನಿಗೆ ಶೀತ ಜ್ವರ ಬಂತು, ಅವನಿಂದ ಅವರಿಗೆ. ಮಗ ಬಂದು "ಹೋದ ಸಲದ್ದೇ" ಎಂದ, ನಾನು ಹೋದ ಸಲದ್ದೇ ಕೊಟ್ಟೆ. ಎರಡು ದಿನ ಜ್ವರ ಇಳಿಯಿತು. ಅವರು ಎದ್ದು ಕುಳಿತು ಬ್ರಾಂಚಿಗೆ ಕೊಡಬೇಕಾದ ಬೀಡಿಯನ್ನೂ ಕಟ್ಟಿದರಂತೆ. ನಾಲ್ಕನೇ ದಿನ ಮಾತು ತಡವರಿಸತೊಡಗಿತು, ಮಗನನ್ನು ಗಂಡನ ಹೆಸರು ಹಿಡಿದು ಕರೆದರು. ಮಂಗಳೂರಿಗೆ ಒಯ್ಯುವಾಗ ನ್ಯುಮೋನಿಯಾ ಎರಡೂ ಶ್ವಾಸಕೋಶಕ್ಕೆ ಇಳಿದಿತ್ತು, ಸಕ್ಕರೆ ಐನೂರು ದಾಟಿತ್ತು. ಅವರು ಮನೆಗೆ ಮರಳಲಿಲ್ಲ. ಆ ಮಗ ನನ್ನ ಮೇಲೆ ಒಂದು ಮಾತೂ ಆಡಲಿಲ್ಲ. ಮೂರು ವಾರ ಕಳೆದು ಬಂದು, ಮಗುವಿಗೆ ಕೆಮ್ಮು ಇನ್ನೂ ಬಿಟ್ಟಿಲ್ಲ, ಹೋದ ಸಲ ಕೊಟ್ಟದ್ದನ್ನೇ ಕೊಡಿ ಎಂದ.

ಅಂದು ನಾನು ಕೊಡಲಿಲ್ಲ. ಅಲ್ಲಿಂದ ಮುಂದೆ ಸ್ವಲ್ಪ ಓದಲು, ಕೇಳಲು ತೊಡಗಿದೆ.

ಮೊದಲು ತಿಳಿದದ್ದು, ನಾವು ಒಂದೇ ಉಸಿರಿನಲ್ಲಿ "ಶೀತ ಜ್ವರ" ಎನ್ನುವುದರಲ್ಲಿ ಎರಡು ಬೇರೆ ಬೇರೆ ರೋಗಗಳಿವೆ. ಸಾಮಾನ್ಯ ಶೀತ ಮೆಲ್ಲನೆ ಬರುತ್ತದೆ: ಗಂಟಲು ಕೆರೆತ, ಸೀನು, ಮೂಗು ಸೋರುವುದು. ಇನ್‌ಫ್ಲುಯೆಂಜಾ ಅಂದರೆ ಫ್ಲೂ ಹಾಗಲ್ಲ. ಬೆಳಿಗ್ಗೆ ಚೆನ್ನಾಗಿದ್ದವನು ಅಸರ್ ಹೊತ್ತಿಗೆ ಜೋರು ಜ್ವರ, ಚಳಿ, ಮೂಳೆ ಮುರಿದಂಥ ನೋವಿನಲ್ಲಿ ಮಲಗಿರುತ್ತಾನೆ. ಗಟ್ಟಿಮುಟ್ಟಾದವರು ಇದನ್ನೂ ದಾಟುತ್ತಾರೆ. ಆದರೆ ಅರುವತ್ತೈದು ದಾಟಿದವರಿಗೆ, ಗರ್ಭಿಣಿಯರಿಗೆ, ಹಸುಗೂಸುಗಳಿಗೆ, ಸಕ್ಕರೆ, ದಮ್ಮು, ಹೃದ್ರೋಗ ಇರುವವರಿಗೆ ಇದು ನ್ಯುಮೋನಿಯಾಕ್ಕೆ ದಾರಿ. 1918ರಲ್ಲಿ ಬೊಂಬಾಯಿ ಬಂದರಿನಿಂದ ಒಳಗೆ ಬಂದ ಫ್ಲೂ ಈ ದೇಶದಲ್ಲಿ ಒಂದು ಕೋಟಿಗೂ ಹೆಚ್ಚು ಜನರನ್ನು ಒಯ್ದಿತು. 2009ರ ಎಚ್1ಎನ್1 ನಮಗೆಲ್ಲ ನೆನಪಿದೆ. 2023ರ ಮಾರ್ಚ್‌ನಲ್ಲಿ ಹಾಸನ ಜಿಲ್ಲೆಯ ಒಬ್ಬ ವೃದ್ಧರ ಸಾವಿಗೆ ಎಚ್3ಎನ್2 ಕಾರಣವೆಂದು ತಿಳಿದಾಗ ಒಂದು ವಾರ ಎಲ್ಲರೂ ಮಾಸ್ಕ್ ಹುಡುಕಿದರು, ಆಮೇಲೆ ಮರೆತರು.

ಇದಕ್ಕೆ ಲಸಿಕೆ ಇದೆ. ವೈರಸ್ ವೇಷ ಬದಲಿಸುತ್ತಲೇ ಇರುವುದರಿಂದ ವಿಶ್ವ ಆರೋಗ್ಯ ಸಂಸ್ಥೆ ವರ್ಷಕ್ಕೆ ಎರಡು ಸಲ, ಫೆಬ್ರವರಿ ಮತ್ತು ಸೆಪ್ಟೆಂಬರಿನಲ್ಲಿ, ಲಸಿಕೆಯಲ್ಲಿ ಏನಿರಬೇಕೆಂದು ಹೇಳುತ್ತದೆ. ಹಾಗಾಗಿ ಪ್ರತಿ ವರ್ಷ ಹಾಕಿಸಿಕೊಳ್ಳಬೇಕು. ಲಸಿಕೆ ಫಲ ಕೊಡಲು ಸುಮಾರು ಎರಡು ವಾರ ಬೇಕು, ಆದ್ದರಿಂದ ನಮ್ಮ ಕಡೆಗೆ ಮಳೆಗಾಲಕ್ಕೆ ಮುಂಚೆ, ಏಪ್ರಿಲ್ ಮೇ ತಿಂಗಳಲ್ಲಿ ಒಳ್ಳೆಯದು. ಹಾಕಿಸಿಕೊಂಡವರಿಗೂ ಫ್ಲೂ ಬರಬಹುದು, ಆದರೆ ಆಸ್ಪತ್ರೆ ಸೇರುವ ಮಟ್ಟಕ್ಕೆ ಹೋಗುವ ಸಾಧ್ಯತೆ ಕಡಿಮೆ. ನಮ್ಮವರು ಇದನ್ನು ಕೇಳಿ ಹುಬ್ಬೇರಿಸುವುದು ನನಗೆ ವಿಚಿತ್ರವಾಗಿ ಕಾಣುತ್ತದೆ. ಹಜ್‌ಗೆ ಹೊರಟವರು ಮೆನಿಂಜೈಟಿಸ್ ಚುಚ್ಚುಮದ್ದಿಗೆ ತೋಳು ಚಾಚುತ್ತಾರೆ, ವಯಸ್ಸಾದ ಹಾಜಿಗಳಿಗೆ ಅದರ ಜೊತೆ ಈ ಫ್ಲೂ ಲಸಿಕೆಯನ್ನೂ ಕೊಡುತ್ತಾರೆ. ಮಕ್ಕಾದಲ್ಲಿ ಬೇಕಾದದ್ದು ಪಾಣೆಮಂಗಳೂರಿನಲ್ಲಿ ಬೇಡವೇ? ತೊಂದರೆ ಇರುವುದು ದುಡ್ಡಿನದ್ದು. ಇದು ಸರಕಾರದ ಉಚಿತ ಲಸಿಕೆಗಳ ಪಟ್ಟಿಯಲ್ಲಿಲ್ಲ, ಒಂದು ಡೋಸಿಗೆ ಸಾವಿರದ ಮೇಲೆ ಬೀಳುತ್ತದೆ. ಆ ವಿಷಯಕ್ಕೆ ಆಮೇಲೆ ಬರುತ್ತೇನೆ. ಮಕ್ಕಳ ನ್ಯುಮೋನಿಯಾ ಲಸಿಕೆ, ಪಿಸಿವಿ ಎನ್ನುವುದು, ಮಾತ್ರ ಆಶಾ ಕಾರ್ಯಕರ್ತೆ ಕರೆದಾಗ ಹೋದರೆ ಉಚಿತ: ಆರನೇ ವಾರ, ಹದಿನಾಲ್ಕನೇ ವಾರ, ಒಂಬತ್ತನೇ ತಿಂಗಳು.

ಇನ್ನೊಂದು ಮಾತು ನಮ್ಮ ಜಿಲ್ಲೆಯವರಿಗೇ. ಮಳೆಗಾಲದ ಜ್ವರವೆಲ್ಲ ಶೀತವಲ್ಲ. ಇಲ್ಲಿ ಡೆಂಗಿ ಇದೆ, ಮಲೇರಿಯಾ ಇದೆ, ತೋಟ ಗದ್ದೆಯಲ್ಲಿ ಬರಿಗಾಲಿನಲ್ಲಿ ದುಡಿಯುವವರಿಗೆ ಇಲಿ ಜ್ವರ ಇದೆ. 1980ರ ದಶಕದ ಆರಂಭದಲ್ಲಿ ಬೆಳ್ತಂಗಡಿಯ ನಿಡ್ಲೆ ಕಡೆ ಜನರನ್ನು ಕೆಡವಿದ ಮಂಗನ ಕಾಯಿಲೆಯೂ ಜ್ವರ, ತಲೆನೋವು, ಮೈಕೈ ನೋವಿನಿಂದಲೇ ಶುರುವಾಗುವಂಥದ್ದು, ಅದು ಬೇಸಗೆಯ ರೋಗ ಅಷ್ಟೆ. ಮೂಗು ಸೋರದೆ, ಕೆಮ್ಮಿಲ್ಲದೆ ಬರೇ ಜೋರು ಜ್ವರ ಎರಡು ದಿನ ಇದ್ದರೆ ರಕ್ತ ಪರೀಕ್ಷೆ ಮಾಡಿಸಬೇಕು. ಅಲ್ಲಿಯವರೆಗೆ ಪ್ಯಾರಸಿಟಮಾಲ್ ಒಂದೇ ಸಾಕು. ಡೆಂಗಿ ಇದ್ದವರಿಗೆ ಬ್ರೂಫೆನ್, ಡೈಕ್ಲೊಫೆನಾಕ್, ಆಸ್ಪಿರಿನ್ ರಕ್ತಸ್ರಾವಕ್ಕೆ ದಾರಿ ಮಾಡಬಹುದು. ಇಲಿ ಜ್ವರಕ್ಕೆ ಆ್ಯಂಟಿಬಯೋಟಿಕ್ಕೇ ಮದ್ದು, ಬೇಗ ಕೊಟ್ಟಷ್ಟು ಒಳ್ಳೆಯದು. ಹಾಗಾಗಿ ನಾನು ಆ್ಯಂಟಿಬಯೋಟಿಕ್‌ನ ವೈರಿಯಲ್ಲ. ಯಾವಾಗ ಬೇಕೆಂದು ಹೇಳಬೇಕಾದವನು ನಾನಾಗಿರಲಿಲ್ಲ, ಅಷ್ಟೆ.

ಮಕ್ಕಳ ಬಗ್ಗೆ ಸ್ವಲ್ಪ ಉದ್ದ ಬರೆಯುತ್ತೇನೆ, ಸಹಿಸಿಕೊಳ್ಳಿ.

2025ರಲ್ಲಿ ಮಧ್ಯಪ್ರದೇಶದ ಛಿಂದ್ವಾಡಾದಲ್ಲಿ ಶೀತ ಕೆಮ್ಮಿಗೆಂದು ಸಿರಪ್ ಕುಡಿದ ಇಪ್ಪತ್ತಕ್ಕೂ ಹೆಚ್ಚು ಪುಟ್ಟ ಮಕ್ಕಳು ಮೂತ್ರಪಿಂಡ ಕೆಟ್ಟು ತೀರಿಕೊಂಡರು. ತಮಿಳುನಾಡಿನ ಕಾಂಚೀಪುರದಲ್ಲಿ ತಯಾರಾದ ಆ ಸಿರಪ್ಪಿನಲ್ಲಿ ಡೈಎಥಿಲೀನ್ ಗ್ಲೈಕಾಲ್ ಎಂಬ ವಿಷವಿತ್ತು. ಆ ಅಕ್ಟೋಬರಿನಲ್ಲಿ ಕೇಂದ್ರ ಆರೋಗ್ಯ ಇಲಾಖೆ ಎರಡು ವರ್ಷದೊಳಗಿನ ಮಕ್ಕಳಿಗೆ ಕೆಮ್ಮು ಶೀತದ ಸಿರಪ್ ಕೊಡಲೇಬಾರದು, ಐದು ವರ್ಷದೊಳಗಿನವರಿಗೆ ಸಾಮಾನ್ಯವಾಗಿ ಬೇಡ ಎಂದು ಸೂಚಿಸಿತು. ವಿಷ ಬೆರೆತದ್ದು ಒಂದು ಸಿರಪ್ಪಿನಲ್ಲಿ ನಿಜ. ಆದರೆ ಒಳ್ಳೆಯ ಸಿರಪ್ಪು ಕೂಡ ಅಷ್ಟು ಸಣ್ಣ ಮಗುವಿನ ಕೆಮ್ಮಿಗೆ ಏನೂ ಮಾಡುವುದಿಲ್ಲ, ನಿದ್ದೆ ಬರಿಸುತ್ತದೆ ಅಷ್ಟೆ. ರಾತ್ರಿ ಮಗು ಮಲಗಿದರೆ ಮದ್ದು ನಾಟಿತು ಎಂದು ನಾವು ತಿಳಿಯುತ್ತೇವೆ.

ಜ್ವರದ ಮದ್ದಿನಲ್ಲೂ ಒಂದು ಹೊಂಡ ಇದೆ, ಇದು ಅಂಗಡಿಯವರಿಗೆ ಗೊತ್ತು, ಮನೆಯವರಿಗೆ ಗೊತ್ತಿಲ್ಲ. ಒಂದೇ ಹೆಸರಿನ ಪ್ಯಾರಸಿಟಮಾಲ್ ಡ್ರಾಪ್ಸ್ ಬೇರೆ, ಸಿರಪ್ ಬೇರೆ. ಸಿರಪ್‌ನಲ್ಲಿ ಐದು ಎಂ.ಎಲ್.ಗೆ 125 ಮಿಲಿಗ್ರಾಂ ಇರುತ್ತದೆ, ಇನ್ನೊಂದು ಬಗೆಯಲ್ಲಿ 250. ಡ್ರಾಪ್ಸ್‌ನಲ್ಲಿ ಒಂದೇ ಎಂ.ಎಲ್.ಗೆ 100. ಸಿರಪ್ ಎಂದು ತಿಳಿದು ಹಸುಗೂಸಿಗೆ ಒಂದು ಚಮಚ ಡ್ರಾಪ್ಸ್ ಕುಡಿಸಿದರೆ 500 ಮಿಲಿಗ್ರಾಂ ಹೋಯಿತು, ದೊಡ್ಡವರ ಒಂದು ಪೂರ್ತಿ ಮಾತ್ರೆ! ಮಗುವಿನ ತೂಕದ ಪ್ರತಿ ಕಿಲೋಗೆ ಹತ್ತರಿಂದ ಹದಿನೈದು ಮಿಲಿಗ್ರಾಂ, ಎರಡು ಡೋಸಿನ ನಡುವೆ ಕನಿಷ್ಠ ನಾಲ್ಕರಿಂದ ಆರು ಗಂಟೆ, ದಿನಕ್ಕೆ ನಾಲ್ಕು ಸಲಕ್ಕಿಂತ ಹೆಚ್ಚಿಲ್ಲ. ಹೋದ ವರ್ಷ ಅಣ್ಣನಿಗೆ ತಂದ ಬಾಟಲಿ ಈ ವರ್ಷ ತಂಗಿಗೆ ಬೇಡ. ಅಂಗಡಿಯಲ್ಲಿ ಮಗುವಿನ ತೂಕ ಹೇಳಿ, ಎಷ್ಟು ಎಂ.ಎಲ್. ಎಂದು ಬಾಟಲಿಯ ಮೇಲೆ ಬರೆಸಿಕೊಳ್ಳಿ. ಬರೆದು ಕೊಡುವುದಕ್ಕೆ ಯಾರೂ ದುಡ್ಡು ಕೇಳುವುದಿಲ್ಲ.

ಮಗುವಿನ ಶೀತ ಎದೆಗಿಳಿದಿದೆಯೇ ಎಂದು ತಿಳಿಯಲು ಸ್ಟೆತಸ್ಕೋಪ್ ಬೇಡ, ಗಡಿಯಾರ ಸಾಕು. ಮಗು ಅಳದೆ ಶಾಂತವಾಗಿರುವಾಗ ಅಂಗಿ ಎತ್ತಿ ಒಂದು ನಿಮಿಷ ಪೂರ್ತಿ ಉಸಿರು ಎಣಿಸಿ. ಎರಡು ತಿಂಗಳೊಳಗಿನ ಕೂಸಿಗೆ ಅರುವತ್ತು, ಒಂದು ವರ್ಷದವರೆಗೆ ಐವತ್ತು, ಐದು ವರ್ಷದವರೆಗೆ ನಲುವತ್ತು. ಇಷ್ಟು ಮುಟ್ಟಿದರೆ ಅಥವಾ ದಾಟಿದರೆ, ಉಸಿರೆಳೆಯುವಾಗ ಪಕ್ಕೆಲುಬಿನ ಕೆಳಭಾಗ ಒಳಗೆ ಹೋಗುತ್ತಿದ್ದರೆ, ಮಗು ಹಾಲು ಕುಡಿಯದಿದ್ದರೆ, ಬೆಳಗಾಗಲೆಂದು ಕಾಯಬೇಡಿ. ದೊಡ್ಡವರಲ್ಲಿ ಒಮ್ಮೆ ಇಳಿದ ಜ್ವರ ಮತ್ತೆ ಏರಿದರೆ, ಏದುಸಿರು ಬಂದರೆ, ವಯಸ್ಸಾದವರು ಏನೇನೋ ಮಾತಾಡತೊಡಗಿದರೆ ಅದೇ ಮಾತು. ಮುದುಕರಿಗೆ ನ್ಯುಮೋನಿಯಾ ಜ್ವರವಿಲ್ಲದೆಯೂ ಬರುತ್ತದೆ. ಕೊರೋನ ಕಾಲದಲ್ಲಿ ತಂದ ಆಕ್ಸಿಮೀಟರ್ ಹಲವರ ಕಪಾಟಿನಲ್ಲಿ ಇನ್ನೂ ಇರಬಹುದು, ಬ್ಯಾಟರಿ ಹಾಕಿ ನೋಡಿ. ತೊಂಬತ್ತನಾಲ್ಕಕ್ಕಿಂತ ಕೆಳಗೆ ತೋರಿಸಿದರೆ ಆಸ್ಪತ್ರೆಗೆ. ಫ್ಲೂವಿಗೆ ಇರುವ ಒಸೆಲ್ಟಾಮಿವಿರ್ ಮಾತ್ರೆ ಮೊದಲ ಎರಡು ದಿನದೊಳಗೆ ಶುರುಮಾಡಿದರೆ ಹೆಚ್ಚು ಫಲ, ಅದಕ್ಕೂ ವೈದ್ಯರೇ ಬೇಕು.

ಮನೆಮದ್ದಿಗೆ ನನ್ನ ವಿರೋಧವಿಲ್ಲ. ಶುಂಠಿ, ಕಾಳುಮೆಣಸಿನ ಕಷಾಯ, ಕುಚ್ಚಲಕ್ಕಿ ಗಂಜಿ ತಿಳಿ, ಉಪ್ಪುನೀರಿನ ಗಾರ್ಗಲ್ ಇವುಗಳಿಂದ ಗಂಟಲಿಗೆ ಆರಾಮ, ದೇಹಕ್ಕೆ ನೀರು. ರಾತ್ರಿ ಮಲಗುವ ಮುಂಚೆ ಒಂದು ಚಮಚ ಜೇನು ಕೆಮ್ಮಿನ ಸಿರಪ್ಪಿಗಿಂತ ವಾಸಿ, ಆದರೆ ವರ್ಷ ತುಂಬದ ಮಗುವಿನ ಬಾಯಿಗೆ ಜೇನು ಮುಟ್ಟಿಸಬಾರದು. ಬೊಟುಲಿಸಂ ಎಂಬ ಅಪಾಯವಿದೆ. ಹುಟ್ಟಿದ ಕೂಸಿಗೆ ಜೇನು ನೆಕ್ಕಿಸುವ ಅಜ್ಜಿಯರು ಇದನ್ನು ಕೇಳಿ ಸಿಟ್ಟಾಗುತ್ತಾರೆ, ನನ್ನ ಮನೆಯಲ್ಲೂ ಆದರು. ಬಿಸಿನೀರಿನ ಪಾತ್ರೆಗೆ ಮುಖ ಒಡ್ಡಿ ಹಬೆ ಹಿಡಿಯುವುದು ದೊಡ್ಡವರಿಗೆ ಸರಿ, ಮಕ್ಕಳಿಗೆ ಬೇಡ. ಪಾತ್ರೆ ಮಗುಚಿ ಬೆಂದ ಮಕ್ಕಳಿಗೆ ಹಚ್ಚುವ ಮುಲಾಮನ್ನು ನಾನು ಪ್ರತಿ ಮಳೆಗಾಲದಲ್ಲೂ ಮಾರಿದ್ದೇನೆ.

ಇನ್ನು ನಮ್ಮ ಮಸೀದಿ, ಮದ್ರಸ. ಕೈ, ಬಾಯಿ, ಮೂಗು, ಮುಖ ದಿನಕ್ಕೆ ಐದು ಸಲ ತೊಳೆಯುವವರಿಗೆ ಶುಚಿತ್ವ ಯಾರು ಹೇಳಿಕೊಡಬೇಕು ಎಂದು ನಾವು ಹೆಮ್ಮೆಪಡುತ್ತೇವೆ. ಹೆಮ್ಮೆ ಸರಿ. ಆದರೆ ವುಝೂ ಮಾಡಿ ಎದ್ದವರೆಲ್ಲ ಮುಖ ಒರೆಸುವುದು ಗೋಡೆಯ ಮೊಳೆಗೆ ನೇತುಹಾಕಿದ ಒಂದೇ ಬೈರಾಸಿನಲ್ಲಿ. ಅದು ಮಳೆಗಾಲದಲ್ಲಿ ಒಣಗುವುದೇ ಇಲ್ಲ. ಮೂಗು ಸೀಟಿದ ಕೈಗೆ ಬರೇ ನೀರು ಸಾಲದು, ನಳ್ಳಿಯ ಬಳಿ ಒಂದು ಸಾಬೂನು ಇಟ್ಟರೆ ಯಾವ ಕಮಿಟಿಯೂ ಮುಳುಗುವುದಿಲ್ಲ. ಮೂಗಿಗೆ ಏರಿಸುವ ನೀರು ಶುದ್ಧವಾಗಿರಬೇಕೆಂಬುದು ಈಗ ಇನ್ನೂ ಮುಖ್ಯ: ಕೇರಳದಲ್ಲಿ 2024, 2025ರಲ್ಲಿ ಕಂಡ ಅಮೀಬಾ ಮಿದುಳು ಜ್ವರದಲ್ಲಿ ರೋಗಾಣು ದೇಹ ಸೇರುವುದು ಮೂಗಿನ ಮೂಲಕವೇ. ಬಾವಿ, ಟ್ಯಾಂಕ್, ಹೌಳ್ ತೊಳೆದು ಕ್ಲೋರಿನ್ ಹಾಕಿಸುವ ಕೆಲಸಕ್ಕೆ ಇದೂ ಒಂದು ಕಾರಣ.

ಸೀನುವಾಗ ಪ್ರವಾದಿ(ಸ)ಯವರು ಕೈಯಿಂದಲೋ ಬಟ್ಟೆಯಿಂದಲೋ ಮುಖ ಮುಚ್ಚುತ್ತಿದ್ದರು, ಸದ್ದನ್ನು ತಗ್ಗಿಸುತ್ತಿದ್ದರು ಎಂದು ಮದ್ರಸದ ಮಕ್ಕಳು ಬಾಯಿಪಾಠ ಒಪ್ಪಿಸುತ್ತಾರೆ. ಅದೇ ಮಕ್ಕಳು ಬೆಳಿಗ್ಗೆ ಏಳು ಗಂಟೆಗೆ ಒದ್ದೆ ಬಟ್ಟೆಯಲ್ಲಿ, ಮಳೆಯ ಎರಚಲಿಗೆ ಹೆದರಿ ಕಿಟಕಿ ಮುಚ್ಚಿದ ಕೋಣೆಯಲ್ಲಿ, ಭುಜಕ್ಕೆ ಭುಜ ತಾಗಿಸಿ ಕುಳಿತು ಒಬ್ಬರ ಮೇಲೊಬ್ಬರು ಕೆಮ್ಮುತ್ತಾರೆ. ಅಲ್ಲಿಂದ ಶಾಲೆಗೆ ಹೋಗಿ ಇನ್ನೊಂದು ಕೋಣೆಯಲ್ಲಿ ಕೆಮ್ಮುತ್ತಾರೆ. ಫ್ಲೂ ಬಂದ ಮಗು ಲಕ್ಷಣ ತೋರುವ ಮುಂಚಿನ ದಿನದಿಂದ ಹಿಡಿದು ಒಂದು ವಾರ ರೋಗ ಹಂಚುತ್ತದೆ. ಜ್ವರ ಬಿಟ್ಟು ಒಂದು ದಿನವಾದರೂ ಆಗುವವರೆಗೆ ಮಗು ಮನೆಯಲ್ಲಿರಬೇಕು. ಆದರೆ ಹೇಗೆ ಇರುತ್ತದೆ? ನೂರಕ್ಕೆ ನೂರು ಹಾಜರಿಗೆ ಮೀಲಾದ್ ವೇದಿಕೆಯಲ್ಲಿ ಬಹುಮಾನವಿದೆ. ಜ್ವರದಲ್ಲೂ ತಪ್ಪಿಸದ ಹುಡುಗನಿಗೆ ಟಿಫಿನ್ ಬಾಕ್ಸ್ ಕೊಟ್ಟು ನಾವು ಚಪ್ಪಾಳೆ ತಟ್ಟುತ್ತೇವೆ. ಈ ಬಹುಮಾನವನ್ನು ನಿಲ್ಲಿಸಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಉಸ್ತಾದರೊಡನೆ ಹೇಳಿ ನೋಡಿ, ಅವರೇ ಮೊದಲು ಒಪ್ಪುತ್ತಾರೆ, ಕಾರಣ ಅವರಿಗೂ ಆ ಕೋಣೆಯಲ್ಲಿ ಕುಳಿತೇ ಶೀತ ಹಿಡಿಯುವುದು.

ದೊಡ್ಡವರೂ ಕಡಿಮೆಯಿಲ್ಲ. ರೋಗ ಮತ್ತು ಜೋರು ಮಳೆ ಜಮಾಅತ್ ಬಿಡಲು ಒಪ್ಪಿತವಾದ ಕಾರಣಗಳು, ಮನೆಯಲ್ಲಿ ನಮಾಝ್ ಮಾಡಿದರೆ ಸಾಕು ಎಂದು ಫಿಕ್ಹ್ ಕಿತಾಬುಗಳಲ್ಲಿದೆ. ಬೆಳ್ಳುಳ್ಳಿಯ ವಾಸನೆಯಿಂದ ಪಕ್ಕದವನಿಗೆ ಕಷ್ಟವಾಗಬಾರದೆಂದು ಹೇಳುವ ದೀನ್, ಸ್ವಫ್ಫಿನಲ್ಲಿ ನಿಂತು ಕೆಮ್ಮಿನ ಹನಿ ಹಂಚಲು ಹೇಳೀತೇ? ಬಾಣಂತಿ ಮನೆಗೆ ಹೋದವರು ಒಬ್ಬೊಬ್ಬರಾಗಿ ಕೂಸಿನ ಮುಖಕ್ಕೆ ಮುತ್ತು ಕೊಡುವುದಂತೂ ಕೂಡಲೇ ನಿಲ್ಲಬೇಕು. ನಿಮ್ಮ ಒಂದು ಸೀನು ಆ ಕೂಸಿಗೆ ಐಸಿಯು ಆಗಬಹುದು. ಹೇಳಲು ನಾಚಿಕೆಪಡುವ ಬಾಣಂತಿಯ ಪರವಾಗಿ ಅವಳ ಉಮ್ಮ ಹೇಳಲಿ.

ಕೊನೆಗೆ ಬೀಡಿ ಕಟ್ಟುವ ನಮ್ಮ ಹೆಂಗಸರು. ಸಾವಿರ ಬೀಡಿಗೆ ಇಷ್ಟು ಎಂಬ ಲೆಕ್ಕದಲ್ಲಿ ಮಲಗಿದ ದಿನಕ್ಕೆ ಕಾಸಿಲ್ಲ. ಹೊಗೆಸೊಪ್ಪಿನ ಧೂಳಿನಲ್ಲಿ ಕುಳಿತವರ ಕೆಮ್ಮು ಶೀತದ್ದೋ, ಧೂಳಿನದ್ದೋ, ಟಿಬಿಯದ್ದೋ ಅವರಿಗೇ ಗೊತ್ತಾಗುವುದಿಲ್ಲ. ಎರಡು ವಾರ ಬಿಡದ ಕೆಮ್ಮಿಗೆ ಸರಕಾರಿ ಆಸ್ಪತ್ರೆಯಲ್ಲಿ ಕಫ ಪರೀಕ್ಷೆ ಉಚಿತ, ಟಿಬಿ ಎಂದಾದರೆ ಮದ್ದೂ ಉಚಿತ. ಮನೆಯ ಗಂಡಸರು ಬೈಕಿನಲ್ಲಿ ಕೂರಿಸಿ ಕರಕೊಂಡು ಹೋದರೆ ಮಾತ್ರ ಅದು ಆಗುತ್ತದೆ. ಫ್ಲೂ ಲಸಿಕೆಯ ದುಡ್ಡಿನ ಮಾತು ಬಾಕಿಯಿಟ್ಟಿದ್ದೆನಲ್ಲ. ಪ್ರತಿ ಮೊಹಲ್ಲಾದಲ್ಲಿ ಸಕ್ಕರೆ, ದಮ್ಮು ಇರುವ, ದುಡಿಯುವವರಿಲ್ಲದ ಹಿರಿಯರು ಎಷ್ಟು ಮಂದಿ? ಪಟ್ಟಿ ಮಾಡಿದರೆ ಒಂದು ನೋಟ್ ಬುಕ್ಕಿನ ಎರಡು ಪುಟದಲ್ಲಿ ಮುಗಿಯುತ್ತದೆ. ನಾನು ನಮ್ಮಲ್ಲಿ ಮಾಡಿ ನೋಡಿದೆ. ಅಷ್ಟು ಮಂದಿಗೆ ಲಸಿಕೆ ಹಾಕಿಸುವ ಖರ್ಚು ನಮ್ಮ ವಾರ್ಷಿಕ ಕಾರ್ಯಕ್ರಮದ ಲೈಟಿಂಗ್ ಬಿಲ್ಲಿಗಿಂತ ಕಡಿಮೆ ಬಂತು. ಪಟ್ಟಿಯನ್ನು ಕಮಿಟಿಗೆ ಕೊಟ್ಟಿದ್ದೇನೆ, ಏಪ್ರಿಲ್ ಮೀಟಿಂಗಿನಲ್ಲಿ ತೆಗೆದುಕೊಳ್ಳುತ್ತೇವೆ ಎಂದಿದ್ದಾರೆ. ಪಟ್ಟಿಯ ಮೊದಲ ಹೆಸರು ಆ ಉಮ್ಮನ ತಂಗಿಯದ್ದು. ಅವರಿಗೂ ಸಕ್ಕರೆ ಇದೆ, ಅವರೂ ಬೀಡಿ ಕಟ್ಟುತ್ತಾರೆ.